ಮೊಡವೆಗೆ ನುಂಗುವ ಗುಳಿಗೆ: ಗುಣ, ಅಡ್ಡ ಪರಿಣಾಮ ಮತ್ತು ಎಚ್ಚರಿಕೆ



ಹರೆಯಕ್ಕೆ ಕಾಲಿಟ್ಟ ಮಕ್ಕಳಲ್ಲಿ ಮೊಡವೆ ಕಾಣದವರು ಕಡಿಮೆ. ಹೆಚ್ಚಿನವರಲ್ಲಿ ಅದು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಕೀವು ತುಂಬಿ, ಗಂಟು ಕಟ್ಟಿ, ಮಾಯ್ದ ಮೇಲೂ ಕಲೆ ಮತ್ತು ಕುಳಿ ಉಳಿಸುತ್ತದೆ. ಮದುವೆಗೆ ಬಂದ ಮಗಳ ಮುಖ ನೋಡಿ ತಾಯಿ ಕೊರಗುತ್ತಾಳೆ. ಕಾಲೇಜಿಗೆ ಹೋಗುವ ಮಗ ಫೋಟೊ ತೆಗೆಸಿಕೊಳ್ಳಲು ಹಿಂಜರಿಯುತ್ತಾನೆ. ಇಂಥವರಿಗೆ ವೈದ್ಯರು ಹಚ್ಚುವ ಮುಲಾಮಿನ ಜೊತೆಗೆ ಕೆಲವು ವಾರಗಳ ಮಟ್ಟಿಗೆ ಆಂಟಿಬಯೋಟಿಕ್ ಗುಳಿಗೆ ಬರೆದುಕೊಡುತ್ತಾರೆ.

ತಿಂಥಣಿ ಮತ್ತು ಸುತ್ತಲಿನ ಸುರಪುರ, ಶಹಾಪುರ ಭಾಗದ ಊರುಗಳಿಂದ ಬರುವವರಲ್ಲಿ ನಾವು ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬರು ನಾಲ್ಕು ದಿನ ನುಂಗಿ, ಎದೆ ಉರಿ ಬಂತೆಂದು ಯಾರಿಗೂ ಹೇಳದೆ ಬಿಟ್ಟವರು. ಇನ್ನೊಬ್ಬರು ಮುಖ ತಿಳಿಯಾಯಿತೆಂದು ಅದೇ ಹಳೆಯ ಚೀಟಿ ತೋರಿಸಿ ತಿಂಗಳುಗಟ್ಟಲೆ ನುಂಗುತ್ತಲೇ ಇರುವವರು. ಮೊದಲನೆಯವರಿಗೆ ಗುಣ ಸಿಗುವುದಿಲ್ಲ, ಎರಡನೆಯವರಿಗೆ ತೊಂದರೆ ತಪ್ಪುವುದಿಲ್ಲ. ಆದ್ದರಿಂದ ಈ ಗುಳಿಗೆಗಳ ಬಗ್ಗೆ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ಹೇಳಿದ್ದೇವೆ. ಮನೆಯಲ್ಲಿ ಓದಲು ಬರುವವರು ಉಳಿದವರಿಗೂ ಓದಿ ಹೇಳಿರಿ.

ಮೊಡವೆ ಏಕೆ ಆಗುತ್ತದೆ?

ನಮ್ಮ ಚರ್ಮದಲ್ಲಿ ಕೂದಲಿನ ಬುಡಕ್ಕೆ ಅಂಟಿಕೊಂಡು ಸಣ್ಣ ಎಣ್ಣೆ ಗ್ರಂಥಿಗಳಿವೆ. ಹರೆಯದಲ್ಲಿ ಹಾರ್ಮೋನುಗಳ ಏರಿಕೆಯಿಂದ ಇವು ಹೆಚ್ಚು ಎಣ್ಣೆ ಸುರಿಸುತ್ತವೆ. ಸತ್ತ ಚರ್ಮದ ಹೊಟ್ಟು ಸೇರಿ ರಂಧ್ರದ ಬಾಯಿ ಮುಚ್ಚುತ್ತದೆ. ಒಳಗೆ ಉಳಿದ ಎಣ್ಣೆಯಲ್ಲಿ, ಎಲ್ಲರ ಚರ್ಮದಲ್ಲೂ ಇರುವ ಒಂದು ಬಗೆಯ ಸೂಕ್ಷ್ಮಾಣು ಬೆಳೆಯುತ್ತದೆ. ಅದರಿಂದ ಉರಿಯೂತ ಹುಟ್ಟಿ ಕೆಂಪು ಗುಳ್ಳೆ, ಕೀವು, ಗಂಟು ಆಗುತ್ತವೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಮುಖ ತೊಳೆಯದ್ದರಿಂದ ಬಂದದ್ದೂ ಅಲ್ಲ. ಆದ್ದರಿಂದ ಮಕ್ಕಳನ್ನು ಬೈಯಬೇಡಿ.

ಗುಳಿಗೆ ಯಾರಿಗೆ ಬೇಕು?

ನಾಲ್ಕಾರು ಕಪ್ಪು ಚುಕ್ಕೆ, ಸಣ್ಣ ಗುಳ್ಳೆ ಇದ್ದರೆ ಹಚ್ಚುವ ಔಷಧ ಸಾಕು. ಬೆಂಜಾಯಿಲ್ ಪೆರಾಕ್ಸೈಡ್ ಮತ್ತು ಅಡಾಪಲೀನ್ ಎಂಬ ಮುಲಾಮುಗಳು ಇದಕ್ಕೆ ಬಳಕೆಯಲ್ಲಿವೆ. ಕೀವುಗುಳ್ಳೆ ಹೆಚ್ಚಾಗಿ, ಮುಖದ ಜೊತೆಗೆ ಎದೆ, ಬೆನ್ನಿಗೂ ಹರಡಿದಾಗ ಗುಳಿಗೆ ಬೇಕಾಗುತ್ತದೆ. ಸಾಮಾನ್ಯವಾಗಿ ಬರೆಯುವುದು ಡಾಕ್ಸಿಸೈಕ್ಲಿನ್. ಕೆಲವರಿಗೆ ಮಿನೋಸೈಕ್ಲಿನ್ ಅಥವಾ ಅಜಿಥ್ರೊಮೈಸಿನ್ ಕೊಡುತ್ತಾರೆ.

ಡಾಕ್ಸಿಸೈಕ್ಲಿನ್ ಟೆಟ್ರಾಸೈಕ್ಲಿನ್ ಎಂಬ ಮನೆತನದ ಔಷಧ. ಈ ಮನೆತನದ ಮೊದಲ ಔಷಧವಾದ ಅರಿಯೋಮೈಸಿನ್ 1948ರಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಿಂದ ಹೊರಬಂತು. ಆಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇದು ಸೂಕ್ಷ್ಮಾಣುಗಳನ್ನು ತಗ್ಗಿಸುವುದರ ಜೊತೆಗೆ ಉರಿಯೂತವನ್ನೂ ಇಳಿಸುತ್ತದೆ. ಮೊಡವೆಗೆ ಇದು ಒಗ್ಗಲು ಈ ಎರಡನೆಯ ಗುಣವೂ ಕಾರಣ.

ರೋಗಿಗಳು ಹೇಳುವ ತೊಂದರೆಗಳು ಮತ್ತು ಪರಿಹಾರ

1. "ಗುಳಿಗಿ ನುಂಗಿದ್ರ ಎದ್ಯಾಗ ಉರಿತದ್ರಿ ಸಿಸ್ಟರ್."

ಎಲ್ಲಕ್ಕಿಂತ ಹೆಚ್ಚು ಕೇಳುವ ಮಾತು ಇದು. ಹೇಗೆ ನುಂಗಿದಿರಿ ಎಂದು ವಿಚಾರಿಸಿದರೆ, ರಾತ್ರಿ ಒಂದು ಗುಟುಕು ನೀರಿನಲ್ಲಿ ನುಂಗಿ ಕೂಡಲೇ ಮಲಗಿದೆ ಎನ್ನುತ್ತಾರೆ. ಹೀಗೆ ಮಾಡಿದಾಗ ಡಾಕ್ಸಿಸೈಕ್ಲಿನ್ ಗುಳಿಗೆ ಅನ್ನನಾಳದಲ್ಲಿಯೇ ಅಂಟಿಕೊಂಡು ಕರಗುತ್ತದೆ. ಅದು ಆಮ್ಲದಂತೆ ಸುಟ್ಟು ಹುಣ್ಣು ಮಾಡುತ್ತದೆ. ರೊಟ್ಟಿ ನುಂಗಲೂ ಕಷ್ಟವಾಗಬಹುದು. ಪರಿಹಾರ ಸುಲಭ. ಊಟವಾದ ಮೇಲೆ, ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿರಿ. ಆಮೇಲೆ ಕನಿಷ್ಠ ಅರ್ಧ ಗಂಟೆ, ಆದರೆ ಒಂದು ಗಂಟೆ, ಮಲಗಬೇಡಿ. ಕುಳಿತಿರಿ, ಇಲ್ಲವೇ ಓಡಾಡಿರಿ. ಹೀಗೆ ಮಾಡಿದರೂ ನುಂಗುವಾಗ ನೋವು ಬಂದರೆ ಗುಳಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ.

2. "ಹೊಲಕ್ಕ ಹೋಗಿ ಬಂದ್ರ ಮಾರಿ ಸುಟ್ಟಂಗ ಆಗ್ತದ್ರಿ."

ಡಾಕ್ಸಿಸೈಕ್ಲಿನ್ ನುಂಗುವವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಪಟ್ಟಣದಲ್ಲಿ ನೆರಳಿನಲ್ಲಿ ಕೆಲಸ ಮಾಡುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ನಮ್ಮದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಾಡು. ನಾರಾಯಣಪುರ ಎಡದಂಡೆ ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿಗೆ ಬಗ್ಗಿ ನಿಲ್ಲುವವರಿಗೆ ಮೇಲಿನ ಬಿಸಿಲಿನ ಜೊತೆಗೆ ನೀರಿನಿಂದ ಪುಟಿದ ಬೆಳಕೂ ಮುಖಕ್ಕೆ ಬಡಿಯುತ್ತದೆ. ಹತ್ತಿ ಬಿಡಿಸುವವರು, ಮೆಣಸಿನಕಾಯಿ ಬಿಡಿಸುವವರು ಇಡೀ ದಿನ ಬಯಲಲ್ಲಿರುತ್ತಾರೆ. ಮುಖ, ಕುತ್ತಿಗೆ, ಮುಂಗೈ ಕೆಂಪಾಗಿ ಉರಿಯುತ್ತವೆ. ಕೆಲವರಲ್ಲಿ ಉಗುರು ಬುಡದಿಂದ ಎದ್ದು ನೋಯುತ್ತದೆ.

ನಿಮ್ಮ ಕೆಲಸ ಬಿಸಿಲಿನಲ್ಲಿಯೇ ಎಂದು ವೈದ್ಯರಿಗೆ ಮೊದಲೇ ಹೇಳಿರಿ. ಅವರು ಕೇಳಲಿಲ್ಲವೆಂದು ಸುಮ್ಮನಿರಬೇಡಿ. ಅದನ್ನು ನೋಡಿ ಅವರು ಬೇರೆ ಔಷಧ ಆರಿಸಬಹುದು. ತುಂಬು ತೋಳಿನ ಅಂಗಿ ತೊಡಿರಿ, ತಲೆ ಮತ್ತು ಕೆನ್ನೆ ಮುಚ್ಚುವಂತೆ ಸೆರಗು ಅಥವಾ ಟವೆಲ್ ಕಟ್ಟಿರಿ. ಆದಷ್ಟು ನಡುಹಗಲಿನ ಬಿಸಿಲು ತಪ್ಪಿಸಿರಿ. ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಕೊಳ್ಳಲು ಆದರೆ ಹಚ್ಚಿರಿ. ಆಗದಿದ್ದರೆ ಬಟ್ಟೆಯ ಮರೆಯಾದರೂ ಇರಲಿ.

3. "ಒಂದು ತಿಂಗಳಾಯ್ತು, ಏನೂ ಫರಕ್ ಕಾಣವಲ್ದು."

ಮೊಡವೆಗೆ ಔಷಧ ನಿಧಾನವಾಗಿ ಹತ್ತುತ್ತದೆ. ನಾಲ್ಕರಿಂದ ಆರು ವಾರಕ್ಕೆ ಬದಲಾವಣೆ ತೋರಲು ಆರಂಭವಾಗಿ, ಪೂರ್ತಿ ಗುಣ ತಿಳಿಯಲು ಸುಮಾರು ಮೂರು ತಿಂಗಳು ಬೇಕು. ಆದರೆ ಗುಳಿಗೆ ಮೈಗೆ ಸೇರದೆ ವ್ಯರ್ಥವಾಗುತ್ತಿದೆಯೇ ಎಂಬುದನ್ನೂ ನೋಡಬೇಕು. ಕಬ್ಬಿಣ, ಕ್ಯಾಲ್ಸಿಯಂ ಮತ್ತು ಎದೆ ಉರಿಗೆ ಕೊಡುವ ಆಂಟಾಸಿಡ್ ಔಷಧಗಳು ಡಾಕ್ಸಿಸೈಕ್ಲಿನ್ ಅನ್ನು ಹೊಟ್ಟೆಯಲ್ಲಿಯೇ ಹಿಡಿದುಕೊಂಡು, ರಕ್ತಕ್ಕೆ ಸೇರದಂತೆ ತಡೆಯುತ್ತವೆ. ಹಾಲಿನಲ್ಲಿ ನುಂಗಿದರೂ ಸ್ವಲ್ಪ ಭಾಗ ಹೀಗೆ ಹೋಗುತ್ತದೆ.

ಶಾಲೆ, ಅಂಗನವಾಡಿಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆಯಲ್ಲಿ ಇರುವುದು ಕಬ್ಬಿಣಾಂಶ. ಅದು ರಕ್ತಹೀನತೆಗೆ ಬೇಕಾದ ಔಷಧ, ಅದನ್ನು ಬಿಡಬಾರದು. ಎರಡನ್ನೂ ಒಟ್ಟಿಗೆ ನುಂಗಬೇಡಿ, ಅಷ್ಟೆ. ಎರಡು ಮೂರು ಗಂಟೆಯಾದರೂ ಅಂತರವಿರಲಿ. ಕಬ್ಬಿಣದ ಗುಳಿಗೆಯನ್ನು ದಿನಾಲೂ ನುಂಗುವವರು ವೈದ್ಯರಿಗೆ ಹೇಳಿ ಸಮಯ ಗೊತ್ತು ಮಾಡಿಕೊಳ್ಳಿರಿ. ಇನ್ನು ಎದೆ ಉರಿಗೆಂದು ಡಾಕ್ಸಿಸೈಕ್ಲಿನ್ ಜೊತೆಯಲ್ಲಿಯೇ ಆಂಟಾಸಿಡ್ ನುಂಗಿದರೆ ಉರಿಯೂ ಉಳಿಯಬಹುದು, ಮೊಡವೆಯೂ ಉಳಿಯುತ್ತದೆ.

4. ಹೇಳಲು ನಾಚುವ ತೊಂದರೆ

ಆಂಟಿಬಯೋಟಿಕ್ ಕೆಟ್ಟ ಸೂಕ್ಷ್ಮಾಣುಗಳ ಜೊತೆಗೆ ನಮಗೆ ಬೇಕಾದವನ್ನೂ ಕೊಲ್ಲುತ್ತದೆ. ಆಗ ಕೆಲವು ಹೆಣ್ಣುಮಕ್ಕಳಿಗೆ ಗುಪ್ತಾಂಗದಲ್ಲಿ ತುರಿಕೆ, ಮೊಸರಿನ ಗಟ್ಟಿಯಂಥ ಬಿಳಿ ಸೆರಗು ಕಾಣುತ್ತದೆ. ಮದುವೆಯಾಗದ ಹುಡುಗಿಯರು ಇದನ್ನು ತಾಯಿಗೂ ಹೇಳದೆ ತಿಂಗಳುಗಟ್ಟಲೆ ಸಹಿಸುತ್ತಾರೆ. ಇದು ನಡತೆಗೆ ಸಂಬಂಧಿಸಿದ್ದಲ್ಲ, ಗುಳಿಗೆಯಿಂದ ಬಂದ ಶಿಲೀಂಧ್ರದ ಸೋಂಕು. ಸರಿಯಾದ ಔಷಧದಿಂದ ಕೆಲವೇ ದಿನಗಳಲ್ಲಿ ಗುಣವಾಗುತ್ತದೆ. ನರ್ಸ್ ಹತ್ತಿರ ಒಂಟಿಯಾಗಿ ಹೇಳಿದರೆ ಸಾಕು.

ಹೊಟ್ಟೆ ತೊಳಸುವುದು, ಭೇದಿ ಸ್ವಲ್ಪ ಸಡಿಲಾಗುವುದು ಯಾವುದೇ ಆಂಟಿಬಯೋಟಿಕ್‌ನಿಂದ ಆಗಬಹುದು. ಅಜಿಥ್ರೊಮೈಸಿನ್‌ನಿಂದಲೂ ಇದು ಸಾಮಾನ್ಯ. ಹೃದಯದ ಬಡಿತದ ತೊಂದರೆ ಇರುವವರು ಅಜಿಥ್ರೊಮೈಸಿನ್ ನುಂಗುವ ಮೊದಲು ವೈದ್ಯರಿಗೆ ತಿಳಿಸಬೇಕು. ಮಿನೋಸೈಕ್ಲಿನ್‌ನಿಂದ ಕೆಲವರಿಗೆ ತಲೆ ತಿರುಗುತ್ತದೆ, ಬಹುಕಾಲ ನುಂಗಿದರೆ ಚರ್ಮ ಮತ್ತು ವಸಡು ನೀಲಿ ಬೂದು ಬಣ್ಣಕ್ಕೆ ತಿರುಗಬಹುದು.

ಬಸುರಿ, ಬಾಣಂತಿ ಮತ್ತು ಚಿಕ್ಕ ಮಕ್ಕಳು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿರಿ.

ಹೆಣ್ಣು ನೋಡಲು ಬರುತ್ತಾರೆಂದು ಗುಳಿಗೆ ಶುರುವಾಗುತ್ತದೆ. ಮದುವೆ ನಿಶ್ಚಯವಾಗುತ್ತದೆ, ಹುಡುಗಿ ಗಂಡನ ಮನೆಗೆ ಹೋಗುತ್ತಾಳೆ. ಚೀಲದಲ್ಲಿ ಗುಳಿಗೆಯ ಪಟ್ಟಿಯೂ ಹೋಗುತ್ತದೆ. ಹೊಸ ಊರಿನ ವೈದ್ಯರಿಗೆ ಅದು ಗೊತ್ತಿರುವುದಿಲ್ಲ, ಅತ್ತೆಗೆ ಹೇಳಲು ಸಂಕೋಚ. ಅಷ್ಟರಲ್ಲಿ ಮುಟ್ಟು ನಿಂತಿರುತ್ತದೆ.

ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಎರಡನ್ನೂ ಮೊಡವೆಗಾಗಿ ಬಸುರಿಯರು ನುಂಗಬಾರದು. ಇವು ಬೆಳೆಯುವ ಮೂಳೆ ಮತ್ತು ಹಲ್ಲಿನ ಕ್ಯಾಲ್ಸಿಯಂ ಜೊತೆ ಸೇರಿಕೊಳ್ಳುತ್ತವೆ. ಟೆಟ್ರಾಸೈಕ್ಲಿನ್ ಮನೆತನದ ಔಷಧಗಳಿಂದ ಮಗುವಿನ ಹಲ್ಲು ಶಾಶ್ವತವಾಗಿ ಹಳದಿ ಕಂದಾಗುವುದು ತಿಳಿದ ಸಂಗತಿ. ಎಂಟು ವರ್ಷದೊಳಗಿನ ಮಕ್ಕಳಿಗೂ ಮೊಡವೆಯಂಥ ತೊಂದರೆಗೆ ಇವನ್ನು ಕೊಡುವುದಿಲ್ಲ. ಅಕ್ಕನ ಗುಳಿಗೆ ತಮ್ಮನ ಗುಳ್ಳೆಗೂ ಆಗುತ್ತದೆ ಎಂದು ಕೊಡಬೇಡಿ.

ಮದುವೆ ಹತ್ತಿರವಿದ್ದರೆ ಅಥವಾ ಮಗು ಬೇಕೆಂದಿದ್ದರೆ ಮೊದಲೇ ವೈದ್ಯರಿಗೆ ಹೇಳಿರಿ. ಮುಟ್ಟು ತಡವಾದ ದಿನವೇ ಗುಳಿಗೆ ನಿಲ್ಲಿಸಿ, ಪರೀಕ್ಷೆ ಮಾಡಿಸಿರಿ. ತಿಳಿಯದೆ ಕೆಲವು ದಿನ ನುಂಗಿದ್ದರೆ ಗಾಬರಿಯಾಗಬೇಡಿ, ಗರ್ಭ ತೆಗೆಸುವ ಮಾತೂ ಆಡಬೇಡಿ. ಮಗುವಿನ ಹಲ್ಲುಗಳಲ್ಲಿ ಸುಣ್ಣದಂಶ ಸೇರುವುದು ನಾಲ್ಕನೆಯ ತಿಂಗಳ ಹೊತ್ತಿಗೆ ಆರಂಭವಾಗುತ್ತದೆ. ಏನು ನುಂಗಿದಿರಿ, ಎಷ್ಟು ದಿನ ನುಂಗಿದಿರಿ ಎಂದು ವೈದ್ಯರಿಗೆ ತಿಳಿಸಿರಿ. ಬಸುರಿಯರಿಗೂ ಹಚ್ಚಬಹುದಾದ ಮುಲಾಮುಗಳಿವೆ. ಹಾಲೂಡಿಸುವ ತಾಯಂದಿರೂ ಕೇಳಿಯೇ ನುಂಗಬೇಕು.

ಗಂಟು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಎಂಬ ಬೇರೆ ಗುಳಿಗೆ ಇದೆ. ಅದು ಆಂಟಿಬಯೋಟಿಕ್ ಅಲ್ಲ. ಬಸುರಿಯಲ್ಲಿ ಮಗುವಿಗೆ ತೀವ್ರ ಅಂಗದೋಷ ಉಂಟುಮಾಡುತ್ತದೆ. ಅದನ್ನು ನುಂಗುವಾಗ ಮತ್ತು ನಿಲ್ಲಿಸಿದ ಮೇಲೆ ಒಂದು ತಿಂಗಳವರೆಗೆ ಗರ್ಭ ಧರಿಸಲೇಬಾರದು. ಡಾಕ್ಸಿಸೈಕ್ಲಿನ್ ಜೊತೆಗೆ ಅದನ್ನು ಕೂಡಿಸಿ ನುಂಗುವಂತಿಲ್ಲ. ಕೂಡಿಸಿದರೆ ತಲೆಬುರುಡೆಯೊಳಗಿನ ಒತ್ತಡ ಏರುವ ಅಪಾಯವಿದೆ.

ತಡ ಮಾಡದೆ ಬರಬೇಕಾದ ಲಕ್ಷಣಗಳು

ಕೆಳಗಿನ ಯಾವುದು ಕಂಡರೂ ಗುಳಿಗೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಬನ್ನಿರಿ.

- ಮೈಮೇಲೆ ದದ್ದು, ತುಟಿ ಅಥವಾ ಕಣ್ಣಿನ ಸುತ್ತ ಬಾವು, ಉಸಿರಾಟಕ್ಕೆ ಕಷ್ಟ. ಉಸಿರು ಕಟ್ಟಿದಂತಾದರೆ ಕಾಯದೆ 108ಕ್ಕೆ ಕರೆ ಮಾಡಿರಿ.
- ಬಿಡದ ತಲೆನೋವು, ಜೊತೆಗೆ ಕಣ್ಣು ಮಂಜಾಗುವುದು ಅಥವಾ ಒಂದು ವಸ್ತು ಎರಡಾಗಿ ಕಾಣುವುದು.
- ನೀರಿನಂಥ ಭೇದಿ ಮೇಲಿಂದ ಮೇಲೆ, ಅಥವಾ ಭೇದಿಯಲ್ಲಿ ರಕ್ತ. ಗುಳಿಗೆ ಮುಗಿದ ಕೆಲವು ವಾರಗಳ ನಂತರವೂ ಇದು ಬರಬಹುದು.
- ಕಣ್ಣು, ಮೂತ್ರ ಹಳದಿಯಾಗುವುದು, ಕೀಲು ನೋವಿನೊಂದಿಗೆ ಜ್ವರ.
- ಚರ್ಮದ ಮೇಲೆ ನೀರುಗುಳ್ಳೆ, ಬಾಯಿಯಲ್ಲಿ ಹುಣ್ಣು.

ಗುಳಿಗೆಯ ಖಾಲಿ ಪಟ್ಟಿಯನ್ನು ಬಿಸಾಡದೆ ಜೊತೆಗೆ ತನ್ನಿರಿ. ಔಷಧದಿಂದಾದ ತೊಂದರೆಯನ್ನು ದೇಶದ ಔಷಧ ಸುರಕ್ಷತಾ ವಿಭಾಗಕ್ಕೆ ರೋಗಿಗಳೇ ತಿಳಿಸಬಹುದು. ಉಚಿತ ದೂರವಾಣಿ ಸಂಖ್ಯೆ 1800-180-3024.

ಎಷ್ಟು ದಿನ ನುಂಗಬೇಕು?

ಸಾಮಾನ್ಯವಾಗಿ ಮೂರರಿಂದ ನಾಲ್ಕು ತಿಂಗಳು ಮಾತ್ರ. ಆಮೇಲೆ ಗುಳಿಗೆ ನಿಲ್ಲಿಸಿ ಮುಲಾಮು ಮುಂದುವರಿಸಬೇಕು. ಬರೀ ಗುಳಿಗೆಯನ್ನೇ ಬಹುಕಾಲ ನುಂಗಿದರೆ ಸೂಕ್ಷ್ಮಾಣುಗಳು ಅದಕ್ಕೆ ಬಗ್ಗದಂತಾಗುತ್ತವೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗಲೇ ಈ ಬಗ್ಗೆ ಎಚ್ಚರಿಸಿದ್ದರು. ನಷ್ಟ ಮುಖಕ್ಕೆ ಮಾತ್ರವಲ್ಲ. ಅಜಿಥ್ರೊಮೈಸಿನ್ ವಿಷಮಶೀತ ಜ್ವರಕ್ಕೆ ಬೇಕಾದ ಔಷಧ. ಅದನ್ನು ಸಣ್ಣಪುಟ್ಟ ಗುಳ್ಳೆಗೆಲ್ಲ ನುಂಗಿ ಸವೆಸಿದರೆ, ನಾಳೆ ಮನೆಯ ಮಗುವಿಗೆ ಜ್ವರ ಬಂದಾಗ ಅದು ಕೆಲಸ ಮಾಡದೆ ಹೋಗಬಹುದು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ನಿಗಾ ಇಟ್ಟು ಬಳಸಬೇಕಾದ ಔಷಧಗಳ ಸಾಲಿನಲ್ಲಿ ಇಟ್ಟಿದೆ.

ಗುಳಿಗೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು ಎಂದರ್ಥ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲಿ ಈ ಗೆರೆಯ ಬಗ್ಗೆ ಪ್ರಚಾರ ನಡೆಸಿತು. ಹಳೆಯ, ಅವಧಿ ಮುಗಿದ ಗುಳಿಗೆಗಳನ್ನು ಎಂದೂ ನುಂಗಬೇಡಿ. ಕೆಟ್ಟ ಟೆಟ್ರಾಸೈಕ್ಲಿನ್‌ನಿಂದ ಮೂತ್ರಪಿಂಡಕ್ಕೆ ಹಾನಿಯಾದದ್ದುಂಟು.

ಬೆಳ್ಳಗಾಗುವ ಕ್ರೀಮಿನ ಮೋಸ

ಗುಳಿಗೆಗೆ ಹೆದರಿ ಕೆಲವರು ಅಂಗಡಿಯಲ್ಲಿ ಕೇಳಿ ಕ್ರೀಮ್ ತಂದು ಹಚ್ಚುತ್ತಾರೆ. ಅದರಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ನುಣುಪಾಗಿ, ಬೆಳ್ಳಗೆ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ಇಮ್ಮಡಿಯಾಗುತ್ತದೆ. ಬಿಟ್ಟರೆ ಉರಿ, ಹಚ್ಚಿದರೆ ಹಾನಿ. ಈ ಬಗೆಯ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರದಂತೆ 2018ರಲ್ಲಿ ಸರಕಾರ ನಿಯಮ ಮಾಡಿತು. ಹಚ್ಚುತ್ತಿರುವವರು ಒಮ್ಮೆಲೆ ನಿಲ್ಲಿಸದೆ ವೈದ್ಯರಿಗೆ ತೋರಿಸಿರಿ.

ನೆನಪಿಡಿ

- ಊಟದ ನಂತರ, ಲೋಟ ತುಂಬ ನೀರಿನೊಂದಿಗೆ ನುಂಗಿರಿ. ನುಂಗಿ ಮಲಗಬೇಡಿ.
- ಕಬ್ಬಿಣ, ಕ್ಯಾಲ್ಸಿಯಂ, ಆಂಟಾಸಿಡ್ ಜೊತೆಗೆ ಬೇಡ.
- ಬಿಸಿಲಿನಲ್ಲಿ ಮುಖ, ತೋಳು ಮುಚ್ಚಿಕೊಳ್ಳಿರಿ.
- ಬೆಂಜಾಯಿಲ್ ಪೆರಾಕ್ಸೈಡ್ ಬಟ್ಟೆಯ ಬಣ್ಣ ತೆಗೆಯುತ್ತದೆ. ರಾತ್ರಿ ಹಚ್ಚುವವರು ತಲೆದಿಂಬಿಗೆ ಹಳೆಯ ಬಿಳಿ ಬಟ್ಟೆ ಹಾಕಿರಿ.
- ಮೊಡವೆ ಹಿಸುಕಬೇಡಿ. ಕುಳಿ ಬೀಳುತ್ತದೆ.
- ಮುಟ್ಟು ತಪ್ಪಿದರೆ ಗುಳಿಗೆ ನಿಲ್ಲಿಸಿ ಪರೀಕ್ಷೆ ಮಾಡಿಸಿರಿ.
- ಒಬ್ಬರ ಗುಳಿಗೆ ಇನ್ನೊಬ್ಬರಿಗೆ ಕೊಡಬೇಡಿ.
- ತೊಂದರೆ ಬಂದರೆ ಸುಮ್ಮನೆ ಬಿಡಬೇಡಿ, ಬಂದು ಹೇಳಿರಿ. ಗುಳಿಗೆ ಬದಲಿಸಲು ದಾರಿ ಇದೆ.

ನಿಮ್ಮ ಮುಂದಿನ ಭೇಟಿಗೆ ಬರುವಾಗ ಈ ಹಾಳೆಯನ್ನೂ, ನೀವು ನುಂಗುತ್ತಿರುವ ಎಲ್ಲ ಗುಳಿಗೆಗಳನ್ನೂ ಜೊತೆಗೆ ತನ್ನಿರಿ. ತಿಳಿಯದ್ದನ್ನು ಕೇಳಲು ಸಂಕೋಚ ಬೇಡ.