ಹಿಮದ ಭಂಡಾರಗಳ ಮೇಲೆ

ಹಿಮದ ಭಂಡಾರಗಳನ್ನು ಹೊಕ್ಕು ನೋಡಿದ್ದೀಯೋ ಎಂದು ಕರ್ತನು ಯೋಬನನ್ನು ವಿಚಾರಿಸಿದ ಸಂಗತಿಯನ್ನು ಯೋಬನ ಗ್ರಂಥದ 38ನೆಯ ಅಧ್ಯಾಯದಲ್ಲಿ ಓದುತ್ತೇವೆ. ಆಲಿಕಲ್ಲಿನ ಹೊರತು ಹಿಮವನ್ನೇ ಕಾಣದ ನಮ್ಮ ಹಳ್ಳಿಗಳವರಿಗೆ ಇದು ತಿಳಿಯುವದು ಕಷ್ಟ. ಆದದರಿಂದ ನ್ಯೂಜಿಲೆಂಡ್ ದೇಶದ ಟಾಸ್ಮನ್ ಹಿಮನದಿಯ ವಿಷಯವನ್ನು ತಿಳಿದುಕೊಳ್ಳೋಣ.

ಅದು 3724 ಮೀಟರ್ ಎತ್ತರದ ಕುಕ್ ಪರ್ವತದ ಪಕ್ಕದಲ್ಲಿದೆ. ವರುಷ ವರುಷವೂ ಬಿದ್ದ ಹಿಮವು ತನ್ನ ಭಾರದಿಂದಲೇ ಒತ್ತಲ್ಪಟ್ಟು ಮಂಜುಗಡ್ಡೆಯಾಗಿ, ನಿಂತು ನೋಡುವವನಿಗೆ ಕಾಣದಷ್ಟು ಮೆಲ್ಲಗೆ ಇಳಿಜಾರಿನಲ್ಲಿ ಹರಿಯುತ್ತದೆ. ಇದನ್ನು ನೋಡಲು ಜನರು ಚಿಕ್ಕ ವಿಮಾನಗಳಲ್ಲಿ ಏರಿಹೋಗುತ್ತಾರೆ. 1955ರಲ್ಲಿ ಹ್ಯಾರಿ ವಿಗ್ಲಿ ಎಂಬವರು ಗಾಲಿಗಳ ಬಳಿ ಏರಿಸಿ ಇಳಿಸತಕ್ಕ ಜಾರುಹಲಗೆಗಳನ್ನು ಜೋಡಿಸಿದರು. ಹೀಗೆ ನೆಲದಿಂದ ಗಾಲಿಗಳ ಮೇಲೆ ಓಡಿ ಹೊರಟ ವಿಮಾನವು ಹಲಗೆಗಳ ಮೇಲೆ ಹಿಮನದಿಯಲ್ಲಿಯೇ ಇಳಿಯಿತು.

ಮನುಷ್ಯನು ಭಂಡಾರದೊಳಕ್ಕೆ ಹೋದನು ನಿಜ. ಆದರೆ ಅಲ್ಲಿ ಅವನ ಕಣ್ಣು ಸೋಲುತ್ತದೆ. ಬಿಳಿ ಹಿಮದ ಮೇಲೆ ಬಿಳಿ ಮೋಡ ಕವಿದಾಗ ನೆರಳು ಬೀಳುವದಿಲ್ಲ. ಕೆಳಗಿನ ಹಿಮವು ನೂರು ಅಡಿ ದೂರದಲ್ಲಿದೆಯೋ ಹತ್ತು ಅಡಿಯೋ ಎಂಬದನ್ನು ಬಹುಕಾಲ ಪಳಗಿದ ಚಾಲಕನೂ ಹೇಳಲಾರನು. ಆದದರಿಂದ ಬುದ್ಧಿವಂತನಾದ ಚಾಲಕನು, ಹಣ ತೆತ್ತವರು ಎಷ್ಟು ಗುಣುಗುಟ್ಟಿದರೂ, ಅರ್ಧ ದಾರಿಯಿಂದ ಹಿಂದಿರುಗುತ್ತಾನೆ. ಅಂಥವನನ್ನು ನಾವು ಹೇಡಿಯೆಂದೆಣಿಸುವದಿಲ್ಲ. ಅವನ ಹಿಂದೆ ಕುಳಿತವರ ಪ್ರಾಣಗಳು ಅವನ ಕೈಯಲ್ಲಿವೆ.

ಭಂಡಾರವು ಬರಿದಾಗುತ್ತಿರುವದೂ ಮೇಲಿನಿಂದ ಕಾಣುತ್ತದೆ. ಲೋಕದಲ್ಲಿ ಶಾಖ ಹೆಚ್ಚುತ್ತಿರುವದರಿಂದ ಈ ಹಿಮನದಿಯು ಕರಗುತ್ತಿದೆ. ವಿಗ್ಲಿಯವರು ಇಳಿದ ಕಾಲದಲ್ಲಿ ಮಂಜುಗಡ್ಡೆಯೇ ಇದ್ದ ಅದರ ಕೆಳತುದಿಯಲ್ಲಿ ಈಗ ಹಲವು ಕಿಲೋಮೀಟರ್ ಉದ್ದದ ಸರೋವರವಿದೆ. ಮನೆಗಳಷ್ಟು ದೊಡ್ಡ ಗಡ್ಡೆಗಳು ಮುರಿದು ಬಿದ್ದು ಅದರಲ್ಲಿ ತೇಲುತ್ತವೆ.