ಕಾನೂನಿನ ಅಂಕಣ ಬರೆಯುವ ಹುಡುಗಿಗೆ

ಮಗೂ, ನಿನ್ನ ಅಂಕಣದ ಮೊದಲ ಕಂತು ಓದಿದೆ. ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಬಗ್ಗೆ ಬರೆದದ್ದರಲ್ಲಿ ಒಂದು ತಪ್ಪೂ ಸಿಗಲಿಲ್ಲ, ಸಂತೋಷವಾಯಿತು. ಆದರೆ ಮೂರನೇ ಸಾಲಿಗೇ ‘ಕಲಂ 43ಡಿ, ಉಪಕಲಂ 5’ ಬಂದುಬಿಟ್ಟಿದೆ. ಬಸ್ಸಿನಲ್ಲಿ ಕೂತು ಪೇಪರ್ ಬಿಡಿಸಿದವರು ಅಲ್ಲಿಗೇ ಪುಟ ತಿರುಗಿಸಿಬಿಡುತ್ತಾರೆ. ದೇಶದ ಭದ್ರತೆ ಎಂದರೆ ಗಡಿ, ಸೈನ್ಯ, ದಿಲ್ಲಿ ಅಂದುಕೊಂಡವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಮನುಷ್ಯರನ್ನು ಮೊದಲು ತೋರಿಸು. ಕಲಂ ಆಮೇಲೆ ಬರಲಿ.

ವಿಚಾರಣೆಯಿಲ್ಲದೆ ಬಂಧಿಸಿಡಲು ಬಳಸುತ್ತಿದ್ದ ಮೀಸಾ ಕಾಯ್ದೆಯ ವಿಷಯವನ್ನೇ ತಗೋ. 1975ರ ಜೂನ್ 26ರಂದು, ತುರ್ತುಪರಿಸ್ಥಿತಿ ಆಗಷ್ಟೇ ಘೋಷಣೆಯಾಗಿದ್ದಾಗ, ವಾಜಪೇಯಿ, ಅಡ್ವಾಣಿ ಇಬ್ಬರೂ ಬೆಂಗಳೂರಿನಲ್ಲಿದ್ದರು. ಸಂಸದೀಯ ಸಮಿತಿಯ ಕೆಲಸಕ್ಕೆ ಬಂದವರನ್ನು ಇಲ್ಲೇ ಹಿಡಿದು ಇಲ್ಲಿನ ಜೈಲಿಗೇ ಕಳಿಸಿದರು. ಅವರು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದ್ದೂ ನಮ್ಮ ಹೈಕೋರ್ಟಿನಲ್ಲೇ. ‘ಈ ಮನುಷ್ಯನನ್ನು ಯಾವ ಕಾನೂನಿನಡಿ ಹಿಡಿದಿಟ್ಟಿದ್ದೀರಿ, ಹೇಳಿ’ ಎಂದು ಸರ್ಕಾರವನ್ನು ಕೇಳುವ ಅರ್ಜಿ ಅದು. ಇಂಥ ಅರ್ಜಿಯನ್ನು ನಾವು ಕೇಳಬಹುದು ಎಂದು ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟುಗಳು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರು ಅಟಾರ್ನಿ ಜನರಲ್ ನಿರೇನ್ ಡೇ ಅವರನ್ನು ಒಂದು ಮಾತು ಕೇಳಿದರು: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದುಬಿಟ್ಟರೆ? ತುರ್ತುಪರಿಸ್ಥಿತಿ ಇರುವಷ್ಟು ದಿನ ಕೋರ್ಟು ಅದಕ್ಕೂ ಏನೂ ಮಾಡಲಾಗದು ಎಂಬರ್ಥದ ಉತ್ತರ ಬಂತು.

ಈ ಪ್ರಶ್ನೆ, ಈ ಉತ್ತರ ಎರಡನ್ನೂ ಓದುಗರ ಮುಂದಿಡು. ಜೀವ, ಸ್ವಾತಂತ್ರ್ಯಗಳನ್ನು ಕಾಯುವ ಸಂವಿಧಾನದ 21ನೇ ವಿಧಿ ಏನು ಹೇಳುತ್ತದೆ ಎಂದು ತಿಳಿಯುವ ಆಸೆ ಅವರಿಗೇ ಹುಟ್ಟುತ್ತದೆ. 1976ರ ಏಪ್ರಿಲ್ 28ರಂದು ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದ ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದೆ ಮುಖ್ಯ ನ್ಯಾಯಮೂರ್ತಿಯ ಸರದಿ ಬಂದಾಗ ಅವರನ್ನು ದಾಟಿ ಕಿರಿಯರನ್ನು ನೇಮಿಸಿದರು, ಅವರು ರಾಜೀನಾಮೆ ಕೊಟ್ಟರು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹಾಕಿದ್ದ ಖಾಸಗಿತನದ ಮೊಕದ್ದಮೆಯಲ್ಲಿ.

ಇಷ್ಟೇ ಹೇಳಿ ನಿಲ್ಲಿಸಬೇಡ. ಬಾಂಬ್ ಸ್ಫೋಟದಲ್ಲಿ ಮನೆಯವರನ್ನು ಕಳೆದುಕೊಂಡವರೂ ನಿನ್ನ ಅಂಕಣ ಓದುತ್ತಾರೆ. ಅವರ ನೋವನ್ನು ಬದಿಗೆ ಸರಿಸಿ ಬರೆದರೆ ನಿನ್ನ ಮಾತನ್ನು ಯಾರೂ ನಂಬುವುದಿಲ್ಲ, ನಂಬಬಾರದು ಕೂಡ. ಯುಎಪಿಎ ಬಗ್ಗೆ ಮತ್ತೆ ಬರೆಯುವುದಾದರೆ ನಜೀಬ್ ಪ್ರಕರಣ ತಗೋ. 2010ರಲ್ಲಿ ಕೇರಳದಲ್ಲಿ, ಪರೀಕ್ಷೆಯ ಒಂದು ಪ್ರಶ್ನೆಯ ನೆಪಕ್ಕೆ, ಕಾಲೇಜು ಪ್ರಾಧ್ಯಾಪಕರೊಬ್ಬರ ಕೈ ಕತ್ತರಿಸಿದರು. ಅಲ್ಲಿಂದ ಶುರುಮಾಡು. ಇಂಥ ಕೃತ್ಯಕ್ಕೆ ಬಿಗಿ ಕಾನೂನು ಏಕೆ ಬೇಕೆಂದು ಬೇರೆ ಹೇಳಬೇಕಾಗಿಲ್ಲ. ಸಾಮಾನ್ಯ ಕೇಸಿನಲ್ಲಿ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು, ಯುಎಪಿಎ ಅಡಿ ಕೋರ್ಟು ಒಪ್ಪಿದರೆ 180 ದಿನ. ಆರೋಪ ಮೇಲ್ನೋಟಕ್ಕೆ ನಿಜ ಅನ್ನಿಸಿದರೆ ಜಾಮೀನೂ ಇಲ್ಲ. ಈಗ ಇನ್ನೊಬ್ಬ ಮನುಷ್ಯನನ್ನು ತೋರಿಸು. ಆ ಪ್ರಕರಣದ ಒಬ್ಬ ಆರೋಪಿ ನಜೀಬ್ ವಿಚಾರಣೆ ಮುಗಿಯದೆ ಐದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಇನ್ನೂ 276 ಸಾಕ್ಷಿಗಳ ವಿಚಾರಣೆ ಬಾಕಿಯಿತ್ತು. ಹೈಕೋರ್ಟು ಕೊಟ್ಟ ಜಾಮೀನನ್ನು 2021ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಓದುಗರು ಇಬ್ಬರ ಬಗ್ಗೆಯೂ ಯೋಚಿಸಲಿ. ಯಾರ ಪರ ನಿಲ್ಲಬೇಕೆಂದು ನೀನು ಹೇಳಿಕೊಡಬೇಡ.

ಹೆದರಿಸಿಯೂ ಬರೆಯಬೇಡ. ಹೆದರಿದವರು ಪೇಪರ್ ಮಡಚಿಡುತ್ತಾರೆ. ಬಂಧಿಸುವವರು ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬುದನ್ನು ಅಂಕಣದ ಕೊನೆಗೆ ದಪ್ಪಕ್ಷರದಲ್ಲಿ ಹಾಕಿಸು, ಕತ್ತರಿಸಿ ಇಟ್ಟುಕೊಳ್ಳುವವರಿಗೆ ಅನುಕೂಲ. ಮುಂಜಾಗ್ರತಾ ಬಂಧನಕ್ಕೆ ಆ 24 ಗಂಟೆಯ ನಿಯಮ ಅನ್ವಯಿಸುವುದಿಲ್ಲ ಎಂಬುದನ್ನೂ ಅದರ ಕೆಳಗೇ ಹಾಕಿಸು.

ಮುಂದಿನ ಕಂತು ರಾಷ್ಟ್ರೀಯ ಭದ್ರತಾ ಕಾಯ್ದೆ, ಅಂದರೆ ಎನ್‌ಎಸ್‌ಎ ಬಗ್ಗೆ ಅಂದಿದ್ದೀಯ. ಅದರಡಿ ಮೊಕದ್ದಮೆಯೇ ಇಲ್ಲದೆ 12 ತಿಂಗಳವರೆಗೆ ಇಟ್ಟುಕೊಳ್ಳಬಹುದು, ಬಂಧನ ಸರಿಯೇ ಎಂದು ನೋಡುವ ಸಲಹಾ ಮಂಡಳಿಯ ಮುಂದೆ ವಕೀಲರನ್ನು ನಿಲ್ಲಿಸುವ ಹಕ್ಕೂ ಬಂಧಿತನಿಗಿಲ್ಲ. ಆ ಮಂಡಳಿಯ ಮುಂದೆ ಒಬ್ಬನೇ ಕೂತವನು ತನ್ನ ಪರವಾಗಿ ಏನು ಹೇಳಿಕೊಳ್ಳಬಹುದು ಎಂಬಲ್ಲಿಂದ ಬರೆಯಲು ಶುರುಮಾಡು. ಅಚ್ಚಿಗೆ ಕೊಡುವ ಮೊದಲು ನನಗೊಮ್ಮೆ ಕಳಿಸು, ಓದಿ ಹೇಳುತ್ತೇನೆ.