ಕೆಟ್ಟ ದಿನಕ್ಕೆಂದು ಮನೆ ಕಟ್ಟಿಸು

ಪ್ರೀತಿಯ ತಂಗಿ,

ಕಮಲಾಪುರದಲ್ಲಿ ಸ್ವಂತ ಮನೆಗೆ ಬುನಾದಿ ಹಾಕಿಸಲು ಹೊರಟು, ಸಂಧಿವಾತದ ಚಿಕಿತ್ಸೆಗೆಂದು ಹುಮನಾಬಾದ್ ರಸ್ತೆ ಹಿಡಿದು ಕಲಬುರಗಿಗೆ ಓಡಾಡುತ್ತಿರುವ ನಿನ್ನಂಥವರನ್ನೆಲ್ಲ ನೆನೆದು ಇದನ್ನು ಬರೆಯುತ್ತಿದ್ದೇನೆ. ಇಂಥ ಹೊತ್ತಿನಲ್ಲಿ ಬಂಧುಬಳಗ ಹೇಳುವುದು ಒಂದೇ ಮಾತು: ಧೈರ್ಯಗೆಡಬೇಡ. ನಾನು ಹೇಳುವುದು ತುಸು ಬೇರೆ. ಧೈರ್ಯದ ಭಾರವನ್ನೆಲ್ಲ ಮನಸ್ಸೊಂದರ ಮೇಲೆ ಹೊರಿಸಬೇಡ, ಅರ್ಧವನ್ನು ಗೋಡೆ, ಬಾಗಿಲು, ನೆಲ ಹೊರಲಿ. ರುಮಟಾಯ್ಡ್ ಸಂಧಿವಾತದ ಗುಣವೇ ಏರಿಳಿತ. ಒಂದು ವಾರ ಕೈಕಾಲು ಹೇಳಿದಂತೆ ಕೇಳುತ್ತವೆ. ಇನ್ನೊಂದು ವಾರ ಬೆಳಗಿನ ಬಿಗಿತ ತಾಸುಗಟ್ಟಲೆ ಬಿಡುವುದಿಲ್ಲ, ಬೆರಳಿಗೆ ನಲ್ಲಿ ತಿರುಗಿಸುವ ಕಸುವೂ ಉಳಿದಿರುವುದಿಲ್ಲ. ಆದರೂ ನಕ್ಷೆ ಬರೆಸುವಾಗ ನಾವು ಆರಾಮಿರುವ ದಿನದ ದೇಹವನ್ನೇ ಕಣ್ಣೆದುರು ಇಟ್ಟುಕೊಳ್ಳುತ್ತೇವೆ. ಒಳ್ಳೆಯ ದಿನ ಯಾವ ಮನೆಯಲ್ಲಾದರೂ ಕಳೆದೀತು. ಮನೆ ಕಟ್ಟಿಸಬೇಕಾದ್ದು ಕೆಟ್ಟ ದಿನಕ್ಕೆ.

ಇದು ಬರಿಯ ಸಮಾಧಾನದ ಮಾತಲ್ಲ. ಬಿದ್ದು ಸಾಯುವವರು ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6.84 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನ್ಯೂಜಿಲೆಂಡ್‌ನ ತಾರನಾಕಿ ಪ್ರದೇಶದ 842 ಕುಟುಂಬಗಳನ್ನು ಒಳಗೊಂಡ ಅಧ್ಯಯನವೊಂದು 2015ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೆಟ್ಟಿಲಿಗೆ ಕಟಾಂಜನ, ಬಚ್ಚಲಲ್ಲಿ ಹಿಡಿಕೆ, ಜಾರದ ನೆಲ, ಹೊರಗೊಂದು ದೀಪ, ಇಷ್ಟನ್ನು ಮೊದಲೇ ಒದಗಿಸಿದ ಮನೆಗಳಲ್ಲಿ ಬಿದ್ದು ಆಗುವ ಗಾಯಗಳು ಶೇ 26ರಷ್ಟು ಕಡಿಮೆಯಾದವು. ಅಲ್ಲಿ ಲೆಕ್ಕಕ್ಕೆ ಬಂದವರು ಮುದುಕರಷ್ಟೇ ಅಲ್ಲ, ಮನೆಯವರೆಲ್ಲರೂ.

ಈಗ ನಮ್ಮ ಕಡೆಯ ಮನೆಯನ್ನು ನೋಡು. ರಸ್ತೆಯ ನೀರು ಒಳಗೆ ನುಗ್ಗಬಾರದೆಂದು ಎರಡಡಿ ಎತ್ತರಿಸುತ್ತೇವೆ, ಅದು ಸರಿಯೇ. ಆದರೆ ಗಾಲಿಕುರ್ಚಿಗಾಗಲಿ ನೋಯುವ ಮೊಣಕಾಲಿಗಾಗಲಿ ಇಳಿಜಾರು ಒಂದಕ್ಕೆ ಹನ್ನೆರಡಕ್ಕಿಂತ ಕಡಿದಾಗಿರಬಾರದು. ಎಂದರೆ ಎರಡಡಿ ಏರಲು ಕನಿಷ್ಠ 24 ಅಡಿ ಉದ್ದ ಬೇಕು. ಬಾಗಿಲ ಮುಂದೆ ಅಷ್ಟು ಜಾಗ ಸಿಗದು, ಮನೆಯ ಪಕ್ಕದಲ್ಲಿ ಉದ್ದಕ್ಕೂ ತಂದರೆ ಸಿಕ್ಕೀತು. ಅದಕ್ಕೇ ಇದು ನಕ್ಷೆಯಲ್ಲೇ ತೀರ್ಮಾನವಾಗಬೇಕು. ನಿನ್ನದು ಎರೆಮಣ್ಣಿನ ಜಾಗವಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಕೆಳಗೆ ಮೊರಂ ತುಂಬಿ ಗಟ್ಟಿಯಾಗಿ ದಮ್ಮಸು ಮಾಡಿಸದಿದ್ದರೆ ಇಳಿಜಾರು ಬೇಗನೆ ಸೀಳುತ್ತದೆ. ಇನ್ನು ನೆಲ. ನಮ್ಮ ಜಿಲ್ಲೆಯದೇ ಶಹಾಬಾದ್ ಫರಸಿ ಇದೆಯಲ್ಲ, ಅದನ್ನು ಬಚ್ಚಲಿಗೂ ಅಂಗಳಕ್ಕೂ ಪಾಲಿಶ್ ಮಾಡಿಸದೆ ಹಾಸು. ಹೊಳೆಯುವ ಟೈಲ್ಸ್ ನೀರು ಬಿದ್ದಾಗ ಜಾರುವಷ್ಟು ಅದು ಜಾರದು. ಬಚ್ಚಲ ಬಾಗಿಲಿಗೆ ಎರಡೂವರೆ ಅಡಿ ಸಾಕೆಂದು ಗೌಂಡಿ ಹೇಳಿಯಾನು, ಒಪ್ಪಬೇಡ. ಚೌಕಟ್ಟು ಬಿಟ್ಟು ಮೂರಡಿ ತೆರವಿರಲಿ, ಒಳಗೆ ಗಾಲಿಕುರ್ಚಿ ತಿರುಗಲು ಐದಡಿ ಇರಲಿ. ತಿರುಪುವ ನಲ್ಲಿ, ಗುಂಡುಹಿಡಿಯ ಚಿಲಕ ಬೇಡ. ಮೊಣಕೈಯಿಂದಲೂ ಒತ್ತಬಹುದಾದ ಉದ್ದ ಹಿಡಿಯವು ಬೇಕು. ಕಲಬುರಗಿಯ ಹೊಸ ಬಡಾವಣೆಗಳನ್ನು ನೋಡಿ ಕೆಳಗೆ ಗಾಡಿ, ಮೇಲೆ ಮನೆ ಎಂದು ಆಸೆಪಡಬೇಡ. ಮಲಗುವ ಕೋಣೆಯೂ ಬಚ್ಚಲೂ ನೆಲಮಟ್ಟದಲ್ಲೇ ಇರಲಿ.

ಕಟ್ಟುವ ಮೊದಲೇ ಕಾಯಿಲೆಯನ್ನು ನೆನೆಯುವುದು ಅಪಶಕುನ ಎನ್ನುವವರಿದ್ದಾರೆ. ಗಾಲಿಕುರ್ಚಿಗೆ ಅಡ್ಡವಾಗುವ ಹೊಸ್ತಿಲು ಬೇಡವೆಂದರೆ, ಹೊಸ್ತಿಲಿಲ್ಲದ ಮನೆಯೇ ಎಂದು ನೊಂದುಕೊಳ್ಳುವ ಹಿರಿಯರೂ ಇದ್ದಾರೆ, ಅವರ ಶ್ರದ್ಧೆಯನ್ನು ನೋಯಿಸಬೇಕಿಲ್ಲ. ಹೊಸ್ತಿಲ ಕಲ್ಲನ್ನು ನೆಲಕ್ಕೆ ಸಮವಾಗಿ ಕೂಡಿಸಿದರೂ ಅರಿಶಿನ ಕುಂಕುಮ ನಿಲ್ಲುತ್ತದೆ, ರಂಗೋಲಿಯೂ ನಿಲ್ಲುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಎಲ್ಲವನ್ನೂ ಸುಲಭ ಮಾಡಿಕೊಂಡರೆ ಕೀಲು ಇನ್ನಷ್ಟು ಬಿಗಿಯುವುದಿಲ್ಲವೇ? ಸಂಧಿವಾತಕ್ಕೆ ವ್ಯಾಯಾಮ ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಅದು ಫಿಸಿಯೋಥೆರಪಿಸ್ಟ್ ಅಳೆದು ಹೇಳಿದಷ್ಟು, ದೇಹ ತಾಳುವ ಹೊತ್ತಿನಲ್ಲಿ ಆಗಬೇಕು. ನಡುರಾತ್ರಿ ಕತ್ತಲಲ್ಲಿ ಮೆಟ್ಟಿಲಿಳಿದು ಬಚ್ಚಲಿಗೆ ಹೋಗುವುದು ವ್ಯಾಯಾಮವಲ್ಲ, ಅಪಾಯ. ಅಲ್ಲಿ ಉಳಿಸಿದ ಶಕ್ತಿಯೇ ವ್ಯಾಯಾಮಕ್ಕೆ, ಕೆಲಸಕ್ಕೆ, ಮಕ್ಕಳೊಡನೆ ನಗುವುದಕ್ಕೆ ಒದಗುತ್ತದೆ. ಖರ್ಚಿನ ಮಾತಿಗೆ ಉತ್ತರ ಚಿಕ್ಕದು: ಕಟ್ಟುವಾಗ ಬಾಗಿಲನ್ನು ಅರ್ಧ ಅಡಿ ಅಗಲ ಮಾಡುವುದು ಅಗ್ಗ, ಕಟ್ಟಿದ ಗೋಡೆ ಒಡೆಯುವುದು ದುಬಾರಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಲೇಬೇಕು ಎನ್ನುತ್ತದೆ. ನಿನ್ನ ಮನೆಯ ಬಾಗಿಲು ಅಳೆಯಲು ಯಾವ ಅಧಿಕಾರಿಯೂ ಬರುವುದಿಲ್ಲ. ಆದರೂ ಕಾಯ್ದೆಯನ್ನು ಕಡೆಗಣಿಸಬೇಡ. ಕೀಲುಗಳ ಊನ ಶೇ 40 ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರಿ ವಸತಿ ಯೋಜನೆಗಳಲ್ಲಿ ಶೇ 5ರ ಮೀಸಲಾತಿಗೆ ನೀನು ಅರ್ಹಳು. ನಿನ್ನ ಊರಿನ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳು, ಅಂಗವಿಕಲರ ಗುರುತಿನ (ಯುಡಿಐಡಿ) ಕಾರ್ಡಿಗೆ ಅರ್ಜಿ ಹಾಕುವ ದಾರಿ ಅವರು ತೋರಿಸುತ್ತಾರೆ. ಕೇಳಲು ಸಂಕೋಚ ಬೇಡ, ಅದು ದಯೆಯಲ್ಲ, ಹಕ್ಕು.

ಒಂದು ಕೆಲಸವನ್ನು ಮಾತ್ರ ಮರೆಯದೆ ಮಾಡು. ಬಚ್ಚಲ ಗೋಡೆಗೆ ಗಿಲಾವು ಆಗುವ ಮೊದಲು ಗೌಂಡಿಯನ್ನು ನಿಲ್ಲಿಸಿಕೊಂಡು, ಕಮೋಡು ಬರುವ ಜಾಗದಲ್ಲಿ ಕೂತು ಏಳುವಾಗ ನಿನ್ನ ಕೈ ಎಲ್ಲಿಗೆ ಹೋಗುತ್ತದೆಂದು ತೋರಿಸು. ಪೂರ್ತಿ ಮೈಭಾರ ತಾಳುವ ಹಿಡಿಕೆಗೆ ಅಲ್ಲಿಯೇ ಗುರುತು ಹಾಕಿಸು.

ಇಂತಿ,
ನಿನ್ನ ಅಕ್ಕ